ಕಿಚ್ಚಿನ ಪರವಾಗಿ ಸಾಕ್ಷಿ

ಪದಕೋಶದ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ವಾರ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ಒಬ್ಬಳು ಕೇಳಿದಳು, “ಮೇಡಂ, ದಿನಾ ಕೂತ್ಕೊಂಡು ಪದಗಳ ಪಕ್ಕ ಪದ ಜೋಡಿಸ್ತಾ ಇದ್ರೆ ಬೇಜಾರಾಗಲ್ವಾ?”

ಆಗುತ್ತದೆ. ಸುಳ್ಳು ಯಾಕೆ ಹೇಳಲಿ? ಸಂಜೆ ಸಿಟಿ ಬಸ್ಸಿನಲ್ಲಿ ಪಕ್ಕದವರು “ಟೈಮೆಷ್ಟಾಯ್ತು?” ಎಂದರೆ ಗಡಿಯಾರ ನೋಡುವ ಬದಲು ‘ಸಮಯ, ಹೊತ್ತು, ವೇಳೆ, ಗಳಿಗೆ’ ಎಂದು ಮನಸ್ಸಿನಲ್ಲೇ ಸಾಲು ಕಟ್ಟುತ್ತಿದ್ದ ದಿನಗಳಿದ್ದವು. ಆದರೆ ಇದೇ ಕೆಲಸ ಒಮ್ಮೆ ನನ್ನನ್ನು ನ್ಯಾಯಾಲಯದ ಕಟಕಟೆಗೂ ಹತ್ತಿಸಿತು. ಆ ಹುಡುಗಿಯರಿಗೆ ಬಾಯಲ್ಲಿ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮದು ಇಲವಾಲದ ಕಡೆಯ ಒಕ್ಕಲು ಮನೆತನ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ತೊಂಬತ್ತರ ದಶಕದ ಆರಂಭದಲ್ಲಿ ಸಮಾನಾರ್ಥಕ ಪದಗಳ ಕೋಶವೊಂದನ್ನು ಸಿದ್ಧಪಡಿಸುತ್ತಿದ್ದ ವಿಭಾಗಕ್ಕೆ ಸಹಾಯಕ ಸಂಪಾದಕಿಯಾಗಿ ಸೇರಿದೆ. ಹಳೆಯ ಬಂಗಲೆಯೊಂದರ ಹಿಂಬದಿಯ ಹಾಲ್ ನಮ್ಮ ಕಚೇರಿ. ಗೋಡೆಗೆ ಒತ್ತಿ ಮರದ ಕಪಾಟುಗಳು, ಕಪಾಟಿನ ತುಂಬ ಸಣ್ಣ ಕಾರ್ಡುಗಳು. ಒಂದೊಂದು ಕಾರ್ಡಿನಲ್ಲೂ ಒಂದು ಪದ, ಅದನ್ನು ಯಾರು ಎಲ್ಲಿ ಹೇಗೆ ಬಳಸಿದರು ಎಂಬುದಕ್ಕೆ ಒಂದು ವಾಕ್ಯ.

ಪ್ರಧಾನ ಸಂಪಾದಕರು ಪಂಚಾಕ್ಷರಯ್ಯನವರು. ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಮಡಿಸಿದ ಬಿಳಿ ಷರಟು, ಯಾವಾಗಲೂ ಮೂಗಿನ ತುದಿಗೆ ಜಾರಿದ ಕನ್ನಡಕ. ಸಂತೆಪೇಟೆಯಲ್ಲಿ ಅವರ ತಂದೆಯದು ಬೆಲ್ಲದ ಮಂಡಿ. ಮಠದ ಹಾಸ್ಟೆಲಿನಲ್ಲಿ ಓದಿ ಸಂಸ್ಕೃತ, ಹಳಗನ್ನಡ ಎರಡನ್ನೂ ಅರಗಿಸಿಕೊಂಡವರು. ನಾನು ಸೇರಿದ ದಿನವೇ ಒಂದು ಬಿಳಿ ಹಾಳೆ ಕೊಟ್ಟು ಹೇಳಿದರು, “ಬದಲಾವಣೆಗೆ ಕಾರಣವಾದದ್ದು. ಈ ಅರ್ಥ ಕೊಡೋ ಪದಗಳನ್ನ ಹುಡುಕ್ಕೊಂಡು ಬನ್ನಿ, ನೋಡೋಣ.”

ಅದೇನು ಮಹಾ ಎಂದು ನಾನು ಇದ್ದಬದ್ದ ನಿಘಂಟುಗಳನ್ನೆಲ್ಲ ತಡಕಿ, ಕಾರಣ, ಹೇತು, ನಿಮಿತ್ತ, ಪ್ರೇರಕ, ಪ್ರಚೋದಕ, ಉತ್ತೇಜಕ, ವೇಗವರ್ಧಕ ಎಂದು ಸಾಲಾಗಿ ಬರೆದು ಒಪ್ಪಿಸಿದೆ. ಅವರು ಓದಿ ಕನ್ನಡಕ ತೆಗೆದರು.

“ಇವೆಲ್ಲ ಒಂದೇ ಅರ್ಥ ಆಗಿದ್ರೆ ನಮ್ಮ ಜನಕ್ಕೆ ಇಷ್ಟೊಂದು ಪದ ಯಾಕಮ್ಮಾ ಬೇಕಿತ್ತು? ಅವರಿಗೇನು ಬೇರೆ ಕೆಲಸ ಇರಲಿಲ್ವಾ?”

ಹಾಳೆಯನ್ನು ನನ್ನ ಕಡೆ ಸರಿಸಿ ಅವರೇ ಮುಂದುವರಿಸಿದರು.

“ಬೆಲ್ಲದ ಅಚ್ಚುಗಳು ನೋಡೋಕೆ ಎಲ್ಲಾ ಒಂದೇ ಥರ ಇರ್ತವೆ. ನಮ್ಮ ತಂದೆ ಚೂರು ಮುರಿದು ನಾಲಿಗೆ ಮೇಲಿಟ್ಕೊಂಡು ಯಾವ ಕಡೆ ಗದ್ದೆ ಕಬ್ಬು ಅಂತ ಹೇಳೋರು. ಪದಾನೂ ಹಾಗೇ ಮುರಿದು ನೋಡ್ಬೇಕು ಕಣಮ್ಮ. ಒಂದು ಕಡೆ ಇಟ್ಟ ಪದ ಕಿತ್ತು ಇನ್ನೊಂದನ್ನ ಹಾಕಿ. ವಾಕ್ಯ ಒಪ್ಪುತ್ತೋ, ಮುಖ ತಿರುಗಿಸುತ್ತೋ ನೋಡಿ.”

ಅಲ್ಲಿಂದ ನನ್ನ ನಿಜವಾದ ಓದು ಶುರುವಾಯಿತು. ಪುಸ್ತಕ ಬಿಟ್ಟು ಪತ್ರಿಕೆ, ಭಾಷಣ, ಆಡುಮಾತು, ಮನೆಯ ಜಗಳ ಎಲ್ಲ ಕಡೆ ಕಿವಿ ಇಟ್ಟೆ. ಪಟ್ಟಿಗೆ ಹೊಸಬರು ಬಂದರು. ಕಿಡಿ ಬಂತು, ಹೆಪ್ಪು ಬಂತು, ಕುಮ್ಮಕ್ಕು, ಚಿತಾವಣೆ, ನಾಂದಿ, ಹರಿಕಾರ, ಕಿಚ್ಚು ಎಲ್ಲ ಬಂದವು. ಮುರಿದು ನೋಡಿದರೆ ಒಂದೊಂದರ ರುಚಿಯೂ ಬೇರೆ. ಕಿಡಿ ಹೊತ್ತಿಸಿ ತಾನು ಆರಿಹೋಗುತ್ತದೆ. ಹೆಪ್ಪು ಹಾಗಲ್ಲ, ಇಡೀ ಪಾತ್ರೆಯ ಹಾಲನ್ನು ತನ್ನ ಹಾಗೆಯೇ ಮಾಡಿಕೊಳ್ಳುತ್ತದೆ. ರಸಾಯನಶಾಸ್ತ್ರದ ವೇಗವರ್ಧಕವೋ, ಎಲ್ಲರನ್ನೂ ಬದಲಾಯಿಸಿ ತಾನು ಮಾತ್ರ ಬಂದ ಹಾಗೇ ಹೊರಗೆ ಬರುತ್ತದೆ. ನಿಮಿತ್ತ ಎಂದರೆ ಆಗಬೇಕಾದ್ದು ಆಗುವಾಗ ಅಲ್ಲಿದ್ದದ್ದು. ಕುಮ್ಮಕ್ಕು ಪರ್ಷಿಯನ್‌ನಿಂದ ಹೊರಟಾಗ ಬರೀ ‘ಸಹಾಯ’ ಎಂಬ ಅರ್ಥದ ಸಾಧು ಪದ, ನಮ್ಮ ಬಾಯಿಗೆ ಬಂದ ಮೇಲೆ ಕೆಟ್ಟ ಕೆಲಸಕ್ಕೆ ಒತ್ತಾಸೆಯಾಯಿತು.

ಹರಿಕಾರನ ವಿಷಯದಲ್ಲಿ ಒಂದು ಸಣ್ಣ ಯುದ್ಧವೇ ಆಯಿತು. ಹಿಂದೆ ಓಲೆ ಹೊತ್ತು ಓಡುತ್ತಿದ್ದವನು ಹರಿಕಾರ. ಹಳೆಯ ಆಡಳಿತದ ಜೊತೆ ಪರ್ಷಿಯನ್, ಉರ್ದು ದಾರಿಯಲ್ಲಿ ಬಂದ ಪದ. ಈಗ ‘ಬದಲಾವಣೆಯ ಹರಿಕಾರ’ ಎಂದು ಸನ್ಮಾನ ಪತ್ರಗಳಲ್ಲೆಲ್ಲ ಮೆರೆಯುತ್ತಾನೆ. ಸಲಹಾ ಸಮಿತಿಯ ಸದಸ್ಯರೊಬ್ಬರು ಇದು ನಮ್ಮದಲ್ಲ, ತೆಗೆಯಿರಿ ಎಂದು ಹಟ ಹಿಡಿದರು. ಪಂಚಾಕ್ಷರಯ್ಯನವರು ಮೆಲ್ಲಗೆ ಅಂದರು, “ಪಾಪ, ಓಡಿ ಬಂದು ನಮ್ಮ ಜಗಲಿ ಮೇಲೆ ನಿಂತು ತಲೆಮಾರುಗಳೇ ಆದವು. ಇನ್ನೂ ಹೊರಗೇ ನಿಲ್ಲಿಸ್ತೀರಾ? ಒಳಗೆ ಕರೀರಿ ಸ್ವಾಮಿ, ಕುಡಿಯೋಕೆ ನೀರು ಕೊಡಿ.” ಸಮಿತಿಯೆಲ್ಲ ನಕ್ಕಿತು. ಹರಿಕಾರ ಒಳಗೆ ಬಂದ.

ಎಡವಟ್ಟುಗಳೂ ಆದವು. ಕೋಶ ಮುಗಿಯುವ ಮೊದಲೇ ಮಾದರಿಗಾಗಿ ಕೆಲವು ಪದಗುಚ್ಛಗಳನ್ನು ಸಣ್ಣ ಪುಸ್ತಿಕೆ ಮಾಡಿ ಕಾಲೇಜುಗಳಿಗೆ, ಸಂಘಸಂಸ್ಥೆಗಳಿಗೆ ಹಂಚಿದ್ದೆವು. ಅದರಲ್ಲಿ ಪ್ರೇರಕ, ಪ್ರಚೋದಕ ಎರಡನ್ನೂ ಅಕ್ಕಪಕ್ಕ ಕೂರಿಸಿ, ನಡುವೆ ಒಂದು ಅಲ್ಪವಿರಾಮ ಬಿಟ್ಟು ಬೇರೇನೂ ಹೇಳಿರಲಿಲ್ಲ. ಗೋಕುಲಂ ಕಡೆಯ ನಿವಾಸಿಗಳ ಸಂಘವೊಂದು ರಾಜ್ಯೋತ್ಸವದ ಆಹ್ವಾನ ಪತ್ರಿಕೆ ಬರೆಯಲು ನಮ್ಮ ಪುಸ್ತಿಕೆಯ ಮೊರೆ ಹೋಯಿತು. ಮುಖ್ಯ ಅತಿಥಿಗಳು ನಿವೃತ್ತ ಪೊಲೀಸ್ ಅಧಿಕಾರಿ. ಪತ್ರಿಕೆಯಲ್ಲಿ ಅವರ ಹೆಸರಿನ ಕೆಳಗೆ ‘ಬಡಾವಣೆಯ ಸಕಲ ಚಟುವಟಿಕೆಗಳ ಪ್ರಚೋದಕರು’ ಎಂದು ಅಚ್ಚಾಯಿತು. ಮರುದಿನವೇ ಅವರು ಆಹ್ವಾನ ಪತ್ರಿಕೆಯನ್ನೂ ನಮ್ಮ ಪುಸ್ತಿಕೆಯನ್ನೂ ಹಿಡಿದುಕೊಂಡು ಕಚೇರಿಗೆ ಬಂದರು.

“ನನ್ನ ಸರ್ವೀಸ್ ಪೂರ್ತಿ ಪ್ರಚೋದಕರನ್ನ ಹಿಡಿದು ಒಳಗೆ ಹಾಕಿದೀನಿ ಕಣ್ರೀ. ಈಗ ನನ್ನನ್ನೇ ಪ್ರಚೋದಕ ಮಾಡ್ಬಿಟ್ರಲ್ಲ!”

ಪಂಚಾಕ್ಷರಯ್ಯನವರು ಎದ್ದು ಕುರ್ಚಿ ಕೊಟ್ಟು, ಕಾಫಿ ತರಿಸಿ, ತಪ್ಪು ಪುಸ್ತಿಕೆಯದೇ ಎಂದು ಒಪ್ಪಿಕೊಂಡರು. ಅಧಿಕಾರಿ ಹೋದ ಮೇಲೆ ನಮ್ಮತ್ತ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಭ್ರಮವೇ ಇತ್ತು. “ನೋಡಿದ್ರಾ? ಅಲ್ಪವಿರಾಮ ಸಾಲದು. ಇನ್ಮೇಲೆ ಪ್ರತಿ ಪದದ ಮುಂದೂ ಒಂದು ಮಾತು ಬರೀಬೇಕು. ಒಳ್ಳೆಯದಕ್ಕೋ, ಕೆಟ್ಟದ್ದಕ್ಕೋ? ಮನಸ್ಸಿಗೋ, ವಸ್ತುವಿಗೋ? ಹೊಗಳೋಕೋ, ಬಯ್ಯೋಕೋ?”

ಇದರಿಂದ ನಮ್ಮ ಕೆಲಸ ಎಷ್ಟೋ ಪಟ್ಟು ಹೆಚ್ಚಿತು. ತಿದ್ದಿದ ಪುಸ್ತಿಕೆ ಮತ್ತೆ ಹೊರಬಂತು. ಅದರಲ್ಲಿ ಪ್ರಚೋದಕದ ಮುಂದೆ ‘ಹೆಚ್ಚಾಗಿ ಕೆಟ್ಟದ್ದಕ್ಕೆ’ ಎಂದೂ, ಕಿಚ್ಚಿನ ಮುಂದೆ ‘ಮನಸ್ಸಿನಲ್ಲಿ ಹೊತ್ತಿಕೊಳ್ಳುವ ಛಲ, ಹುರುಪು’ ಎಂದೂ ಟಿಪ್ಪಣಿ ಸೇರಿತು. ಒಬ್ಬ ಪೊಲೀಸ್ ಅಧಿಕಾರಿಯ ಕೋಪದಿಂದ ಕನ್ನಡದ ಒಂದು ಕೋಶ ಸುಧಾರಿಸಿತು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಹೊಸ ಶತಮಾನ ಬಂದ ಕೆಲವು ವರ್ಷಗಳಲ್ಲಿ ಹೊಸ ನಿರ್ದೇಶಕರು ಬಂದರು. ಹೆಸರು ರಾಜಶೇಖರ್. ಚುರುಕಿನ ಮನುಷ್ಯ, ಕೆಟ್ಟವರಲ್ಲ. ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ತಾವೇ ಟೈಪ್ ಮಾಡುತ್ತಿದ್ದ ಮೊದಲ ಅಧಿಕಾರಿ ಅವರು. ನಮ್ಮ ಹಾಲಿಗೆ ಬಂದು ಕಪಾಟುಗಳನ್ನು ನೋಡಿ ತಲೆ ಕೆರೆದುಕೊಂಡರು.

“ವಿಶಾಲಾಕ್ಷಿಯವರೇ, ಈ ಕೋಶ ನಮ್ಮ ಕಾಲದಲ್ಲಿ ಮುಗಿಯುತ್ತಾ? ಇಂಗ್ಲಿಷಿನಲ್ಲಿ ರೆಡಿಯಾಗಿರೋ ಪಟ್ಟಿ ಇದೆ. ಅದನ್ನ ಹಾಗೇ ಕನ್ನಡಕ್ಕೆ ತಿರುಗಿಸಿಬಿಟ್ರೆ ಆಯ್ತು. ಕಂಪ್ಯೂಟರ್ ಕಲಿತ ನಾಲ್ಕು ಜನ ಸಾಕು.”

ತಿರುಗಿಸಿದ ಪಟ್ಟಿಯ ಒಂದು ಮಾದರಿಯನ್ನೂ ತೋರಿಸಿದರು. ನಮ್ಮದೇ ಅರ್ಥಗುಚ್ಛ. ಇಂಗ್ಲಿಷಿನ ‘ಟ್ರಿಗರ್’, ಅಂದರೆ ಬಂದೂಕಿನಲ್ಲಿ ಬೆರಳಿಟ್ಟು ಎಳೆಯುವ ಭಾಗಕ್ಕೆ ನಮ್ಮಲ್ಲಿ ‘ಕುದುರೆ’ ಎನ್ನುತ್ತಾರಲ್ಲ, ಅದನ್ನು ಹಿಡಿದು ಯಾರೋ ‘ಬದಲಾವಣೆಯ ಕುದುರೆ’ ಎಂದು ಬರೆದಿದ್ದರು. ನನಗೆ ನಗು ಬಂತು. ಆದರೆ ಪಂಚಾಕ್ಷರಯ್ಯನವರು ನಗಲಿಲ್ಲ. ಅಷ್ಟರಲ್ಲಿ ಅವರು ನಿವೃತ್ತರಾಗಿ ಗೌರವ ಸಂಪಾದಕರಾಗಿ ಮಾತ್ರ ಬರುತ್ತಿದ್ದರು. ವಿಭಾಗ ಮುಚ್ಚಿ ನಮ್ಮನ್ನೆಲ್ಲ ಬೇರೆ ಬೇರೆ ಕಡೆ ಹಂಚುವ ಪ್ರಸ್ತಾವ ಮೇಲಕ್ಕೆ ಹೋಗಿದೆ ಎಂದು ಅವರಿಗೆ ಗೊತ್ತಿತ್ತು. ಅರ್ಧ ಆಯುಸ್ಸು ಸುರಿದ ಕೆಲಸ. ಅಂದು ಅವರು ಕೊಡೆಯನ್ನೂ ಮರೆತು ಮನೆಗೆ ಹೋದರು.

ಆ ಕಷ್ಟದ ದಿನಗಳಲ್ಲೇ ಕಪ್ಪು ಕೋಟಿನ ಹೆಣ್ಣುಮಗಳೊಬ್ಬಳು ನಮ್ಮ ಹಾಲಿಗೆ ಬಂದಳು. ಲಾಯರ್ ಸುಮಿತ್ರಾ. ಕೈಯಲ್ಲಿ ನಮ್ಮ ತಿದ್ದಿದ ಪುಸ್ತಿಕೆ.

“ಇದನ್ನ ಬರೆದವರು ಯಾರು ಸಾರ್? ನನ್ನ ಕಕ್ಷಿದಾರಳ ಜೀವನ ಈ ಒಂದು ಸಾಲಿನ ಮೇಲೆ ನಿಂತಿದೆ” ಎಂದು ಪಂಚಾಕ್ಷರಯ್ಯನವರ ಮುಂದೆ ಕಿಚ್ಚಿನ ಟಿಪ್ಪಣಿಯ ಮೇಲೆ ಬೆರಳಿಟ್ಟಳು.

ವಿಷಯ ಹೀಗಿತ್ತು. ಮೈಸೂರಿನ ಅಂಚಿನ ಹಿನಕಲ್‌ನಲ್ಲಿ ಅಂಗನವಾಡಿಯ ಎದುರಿಗೇ ಒಂದು ಸಾರಾಯಿ ಅಂಗಡಿ. ಅಲ್ಲಿನ ಮಹಿಳಾ ಸಂಘದ ಮುಖಂಡೆ ಪುಟ್ಟಗೌರಮ್ಮ ಹೆಂಗಸರನ್ನು ಸೇರಿಸಿ ಅಂಗಡಿ ಎತ್ತಿಸಬೇಕೆಂದು ಧರಣಿ ಕೂತಳು. ಧರಣಿಯ ಕೊನೆಯಲ್ಲಿ ಎದ್ದು ನಿಂತು, “ನಾನೇ ಕಣ್ರವ್ವಾ ನಿಮ್ಗೆಲ್ಲಾ ಕಿಚ್ಚು ಅಚ್ಚಿದ್ದು. ಈ ಅಂಗ್ಡಿ ಓಗೋಗಂಟ ಯಾರೂ ಸುಮ್ಕಿರ್ಬಾರ್ದು” ಎಂದಳು. ಯಾರೋ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಮರುದಿನ ಮಧ್ಯಾಹ್ನ ಅಂಗಡಿಯ ಹಿಂದಿನ ಷೆಡ್ಡು ಹತ್ತಿಕೊಂಡು ಉರಿಯಿತು. ಅಂಗಡಿಯವನು ದೂರು ಕೊಟ್ಟ. ‘ಬೆಂಕಿ ಹಚ್ಚಲು ತಾನೇ ಪ್ರಚೋದನೆ ನೀಡಿದ್ದಾಗಿ ಬಹಿರಂಗವಾಗಿ ಒಪ್ಪಿಕೊಂಡಿದ್ದಾಳೆ’ ಎಂದು ಆರೋಪ ಪಟ್ಟಿ ತಯಾರಾಯಿತು.

“ಷೆಡ್ಡಿನ ಹತ್ರ ಇವರನ್ನ ಕಂಡೋರು ಒಬ್ರೂ ಇಲ್ಲ. ಇರೋ ಸಾಕ್ಷಿ ಅಂದ್ರೆ ಆ ಮಾತೊಂದೇ” ಎಂದಳು ಸುಮಿತ್ರಾ. “ಪ್ರಾಂತೀಯ ಮಾತಿಗೆ ಅರ್ಥ ಹೇಳೋಕೆ ತಿಳಿದೋರನ್ನ ಕರೆಸಬಹುದು. ನೀವು ಬರ್ತೀರಾ ಸಾರ್?”

ಪಂಚಾಕ್ಷರಯ್ಯನವರು ನನ್ನತ್ತ ಕೈ ತೋರಿಸಿದರು. “ಇವರನ್ನ ಕರೀರಿ. ನಾನು ಬಂದ್ರೆ ಪಾಠ ಮಾಡ್ತೀನಿ. ಇವರು ಬಂದ್ರೆ ಉತ್ತರ ಕೊಡ್ತಾರೆ.”

ನಾನು ಕೋರ್ಟನ್ನು ಹೊರಗಿನಿಂದ ಬಸ್ಸಿನ ಕಿಟಕಿಯಲ್ಲಷ್ಟೇ ನೋಡಿದವಳು. ನಿರ್ದೇಶಕರಂತೂ, “ನಮಗ್ಯಾಕ್ರೀ ಪೊಲೀಸ್ ಕೇಸಿನ ಸಹವಾಸ? ಪರ್ಮಿಷನ್ ಕೊಡಲ್ಲ” ಎಂದುಬಿಟ್ಟರು. ನ್ಯಾಯಾಲಯದ ಸಮನ್ಸ್ ಬಂದ ಮೇಲೆ ತಡೆಯುವ ಹಾಗಿರಲಿಲ್ಲ. “ಹೋಗಿ ಬನ್ನಿ. ಆದ್ರೆ ಸಂಸ್ಥೆಯ ಮರ್ಯಾದೆ ನಿಮ್ಮ ಕೈಲಿದೆ” ಎಂದರು.

ಹೊಸಬರು ಇದನ್ನು ಗಮನಿಸಬೇಕು. ಕಚೇರಿಯಲ್ಲಿ ಕೂತು ಬರೆದ ಟಿಪ್ಪಣಿ ನನಗೆ ಸಾಕೆನಿಸಲಿಲ್ಲ. ಅದೇ ಊರಿನಲ್ಲಿ, ಅದೇ ಜನರ ಬಾಯಲ್ಲಿ ಆ ಪದ ಹೇಗೆ ನಡೆಯುತ್ತದೆಂದು ಕಿವಿಯಾರೆ ಕೇಳಬೇಕಿತ್ತು. ಪಂಚಾಕ್ಷರಯ್ಯನವರು ಒಂದೇ ಎಚ್ಚರಿಕೆ ಕೊಟ್ಟರು. “ಆ ಪುಟ್ಟಗೌರಮ್ಮನ್ನ ಮಾತ್ರ ಮಾತಾಡಿಸ್ಬೇಡಿ. ನಾಳೆ ಹೇಳಿಕೊಟ್ಟ ಸಾಕ್ಷಿ ಅಂದುಬಿಡ್ತಾರೆ.”

ಹಿನಕಲ್‌ಗೆ ಹೋದೆ. ಊರು ಆಗಲೇ ಅರ್ಧ ಮೈಸೂರಾಗಿತ್ತು. ಒಂದು ಕಡೆ ಬಡಾವಣೆಯ ಕಲ್ಲು ನೆಟ್ಟ ಹೊಲ, ಇನ್ನೊಂದು ಕಡೆ ಹೊಸ ಮಹಡಿ ಮನೆಗಳು, ನಡುವೆ ಹಳೆಯ ಕೊಟ್ಟಿಗೆಗಳು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ ನಿಲ್ದಾಣದಲ್ಲಿ ಹೆಂಗಸರ ಜೊತೆ ಹರಟಿದೆ. ಕೇಸಿನ ಮಾತೆತ್ತಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮಗನ ಬಗ್ಗೆ ಒಬ್ಬಾಕೆ ತಾನಾಗಿಯೇ ಹೇಳಿದಳು, “ಮೇಷ್ಟ್ರು ಎಂಗೆ ಕಿಚ್ಚು ಅಚ್ಚುದ್ರು ಅಂತೀರಾ, ಊಟ ಬುಟ್ಟು ಓದ್ದ ಕಣಮ್ಮ.” ಗಿರಣಿಯಲ್ಲಿ ಇನ್ನೊಬ್ಬಾಕೆ ಯಾರದೋ ಬಣವೆ ಸುಟ್ಟ ಹಳೆಯ ಕತೆ ಹೇಳುವಾಗ, “ದಾಯಾದಿಗಳೇ ಬೆಂಕಿ ಇಕ್ಬುಟ್ರು” ಎಂದಳು. ನಾನು ಸುಮ್ಮನೆ, “ಕಿಚ್ಚು ಹಚ್ಚಿದ್ರಾ?” ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಣ್ವೆಗೆ ಯಾರಾರಾ ಕಿಚ್ಚು ಅಚ್ತಾರಾ? ಬೆಂಕಿ ಇಕ್ತಾರೆ” ಎಂದಳು. ಮತ್ತೆ ಬೇರೆ ಬೇರೆ ದಿನ ಬೇರೆ ಬೇರೆಯವರನ್ನು ಮಾತಿಗೆಳೆದೆ. ಹುಲ್ಲಿಗೆ, ಗುಡಿಸಲಿಗೆ, ಮನೆಗೆ ಬೆಂಕಿ ಇಡುತ್ತಾರೆ, ಇಕ್ಕುತ್ತಾರೆ. ಕಿಚ್ಚು ಹಚ್ಚುವುದು ಮನುಷ್ಯರಿಗೆ ಮಾತ್ರ. ಒಬ್ಬರ ಬಾಯಲ್ಲೂ ಇದು ತಪ್ಪಲಿಲ್ಲ.

ಸಾಕ್ಷಿಯ ದಿನ ಕೋರ್ಟಿನ ಹಾಲ್ ತುಂಬಿತ್ತು. ಹಿಂದಿನ ಬೆಂಚುಗಳಲ್ಲಿ ಹಿನಕಲ್‌ನ ಹೆಂಗಸರು, ಪಕ್ಕದಲ್ಲಿ ಸಾರಾಯಿ ಅಂಗಡಿಯವನ ಕಡೆಯ ಗಂಡಸರು. ಆರೋಪಿಯ ಜಾಗದಲ್ಲಿ ನಿಂತಿದ್ದ ಪುಟ್ಟಗೌರಮ್ಮನನ್ನು ನಾನು ಮೊದಲು ನೋಡಿದ್ದು ಆವತ್ತೇ. ಗಟ್ಟಿಮುಟ್ಟಾದ ಹೆಂಗಸು, ಕುಂಕುಮ ದೊಡ್ಡದು, ಕಣ್ಣು ನೆಟ್ಟಗೆ. ಪಂಚಾಕ್ಷರಯ್ಯನವರು ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದರು.

ಸುಮಿತ್ರಾ ನನ್ನ ಕೆಲಸ, ಅನುಭವ ಕೇಳಿ, ಕ್ಯಾಸೆಟ್ ಹಾಕಿಸಿ, ಆ ಮಾತಿನ ಅರ್ಥ ಕೇಳಿದಳು. ಛಲ ತುಂಬಿದೆ, ಹುರುಪು ಎಬ್ಬಿಸಿದೆ ಎಂದು ನಾನು ಹೇಳಿದೆ. ಆಮೇಲೆ ಸರ್ಕಾರಿ ವಕೀಲರು ಎದ್ದರು. ವಯಸ್ಸಾದವರು, ಒಳ್ಳೆಯ ಮಾತುಗಾರರು.

“ಮೇಡಂ, ಕಿಚ್ಚು ಅಂದ್ರೆ ಬೆಂಕಿ. ಹೌದೋ ಅಲ್ವೋ?”

“ಹೌದು.”

“ಹಚ್ಚು ಅಂದ್ರೆ ಹೊತ್ತಿಸು. ಹೌದೋ ಅಲ್ವೋ?”

“ಹೌದು.”

“ಅಂದ ಮೇಲೆ ಕಿಚ್ಚು ಹಚ್ಚೋದು ಅಂದ್ರೆ ಬೆಂಕಿ ಹೊತ್ತಿಸೋದು. ಮುಗೀತಲ್ಲ!”

ಹಾಲಿನಲ್ಲಿ ಗುಸುಗುಸು. ಬಾಗಿಲ ಕಡೆ ನೋಡಿದೆ. ಪಂಚಾಕ್ಷರಯ್ಯನವರು ಎರಡು ಬೆರಳು ಸೇರಿಸಿ ಏನನ್ನೋ ಮುರಿಯುವ ಹಾಗೆ ಮಾಡಿ ತೋರಿಸಿದರು. ನನಗೆ ಧೈರ್ಯ ಬಂತು.

“ಎರಡು ಪದ ಬಿಡಿಬಿಡಿಯಾಗಿ ಅದೇ ಅರ್ಥ ಕೊಡ್ತವೆ ಸಾರ್. ಸೇರಿದಾಗ ಬೇರೆ. ಹೊಟ್ಟೆ ಅಂದ್ರೆ ಹೊಟ್ಟೆ, ಕಿಚ್ಚು ಅಂದ್ರೆ ಬೆಂಕಿ. ಹೊಟ್ಟೆಕಿಚ್ಚು ಅಂದ್ರೆ ಯಾರೂ ನೀರು ತಂದು ಆರಿಸೋಕೆ ಹೋಗಲ್ಲ.”

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ನ್ಯಾಯಾಧೀಶರು ತಲೆಯೆತ್ತಿ ನೋಡಿದ ಕೂಡಲೇ ನಿಂತಿತು. ವಕೀಲರು ಬಿಡಲಿಲ್ಲ.

“ಸಂಕ್ರಾಂತೀಲಿ ನಿಮ್ಮೂರ ಕಡೆ ಕಿಚ್ಚು ಹಾಯಿಸ್ತಾರಲ್ಲ? ದನಗಳನ್ನ ಬೆಂಕಿ ದಾಟಿಸ್ತಾರಲ್ಲ? ಅದೂ ಹುರುಪು, ಛಲಾನಾ?”

ಒಳ್ಳೆಯ ಪ್ರಶ್ನೆ. ಅದಕ್ಕೆ ಸುತ್ತುಬಳಸಿನ ಉತ್ತರ ಕೊಟ್ಟಿದ್ದರೆ ನಾನು ಸೋಲುತ್ತಿದ್ದೆ.

“ಅಲ್ಲ ಸಾರ್, ಅದು ನಿಜವಾದ ಬೆಂಕಿ. ಆದ್ರೆ ಅಲ್ಲಿ ಕಿಚ್ಚು ‘ಹಾಯಿಸ್ತಾರೆ’. ದನಗಳಿಗೆ ಕಿಚ್ಚು ‘ಹಚ್ಚಿ’ ಅಂತ ಯಾರೂ ಹೇಳಲ್ಲ. ಅವರ ಮಾತಲ್ಲಿ ಹುಲ್ಲಿಗೆ, ಮನೆಗೆ ಇಡೋದು ಬೆಂಕಿ. ಮನುಷ್ಯರಿಗೆ ಹಚ್ಚೋದು ಕಿಚ್ಚು. ಅಲ್ಲದೆ ಈ ವಾಕ್ಯದಲ್ಲಿ ಇನ್ನೊಂದು ಪದ ಇದೆ. ಅದನ್ನ ತಾವು ಓದ್ಲಿಲ್ಲ.”

“ಯಾವುದು?”

“‘ನಿಮ್ಗೆಲ್ಲಾ’. ಇವರು ಅಂಗಡಿಗೆ ಅಂದಿಲ್ಲ, ಷೆಡ್ಡಿಗೆ ಅಂದಿಲ್ಲ. ‘ನಿಮ್ಗೆಲ್ಲಾ ಕಿಚ್ಚು ಅಚ್ಚಿದ್ದು’ ಅಂದಿದಾರೆ. ತಾವು ಹೇಳೋ ಅರ್ಥವೇ ಸರಿ ಅನ್ನೋದಾದ್ರೆ, ಎದುರಿಗೆ ಕೂತಿದ್ದ ಹೆಂಗಸರಿಗೇ ಇವರು ಬೆಂಕಿ ಹಚ್ಚಿರಬೇಕು. ಆ ಹೆಂಗಸರು ಇಲ್ಲೇ ಹಿಂದೆ ಕೂತಿದಾರೆ. ಒಬ್ಬರ ಮೈಮೇಲಾದ್ರೂ ಸುಟ್ಟ ಗಾಯ ಇದೆಯಾ, ಕೇಳಿ ಸಾರ್.”

ಈ ಸಲ ನ್ಯಾಯಾಧೀಶರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಸರ್ಕಾರಿ ವಕೀಲರು ಕೊನೆಯ ಬಾಣ ಬಿಟ್ಟರು. “ಈ ಟಿಪ್ಪಣಿ ಈ ಕೇಸಿಗೋಸ್ಕರ ಬರೆದದ್ದಲ್ವಾ?”

“ಕೇಸು ಹುಟ್ಟೋದಕ್ಕೆ ವರ್ಷಗಳ ಮುಂಚೆಯೇ ಅಚ್ಚಾಗಿದೆ ಸಾರ್. ಇದೇ ಊರಿನ ಕಾಲೇಜುಗಳಲ್ಲಿ ಪ್ರತಿಗಳಿವೆ.”

ಅವರು ಕನ್ನಡಕ ಮಡಿಸಿ ಕೂತರು. ಕೂರುವಾಗ, ಇದನ್ನು ಅವರ ದೊಡ್ಡತನ ಎಂದೇ ಹೇಳಬೇಕು, “ಕನ್ನಡ ಮೇಷ್ಟ್ರ ಹತ್ರ ಒದೆ ತಿಂದಿದ್ದು ನೆನಪಾಯ್ತು ಕಣಮ್ಮ” ಎಂದು ಮೆಲ್ಲಗೆ ಅಂದರು.

ತೀರ್ಪು ಕೆಲವು ವಾರಗಳ ಮೇಲೆ ಬಂತು. ಆ ಮಾತನ್ನು ಬೆಂಕಿ ಇಡುವುದಕ್ಕೆ ಕೊಟ್ಟ ಪ್ರಚೋದನೆ ಎಂದು ಓದಲು ಸಾಧ್ಯವಿಲ್ಲ, ಬೇರೆ ಸಾಕ್ಷ್ಯವೂ ಇಲ್ಲ ಎಂದು ನ್ಯಾಯಾಲಯ ಪುಟ್ಟಗೌರಮ್ಮನನ್ನು ಬಿಡುಗಡೆ ಮಾಡಿತು. ಆವರಣದ ಮರದ ಕೆಳಗೆ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಕ್ಕರು. ಪುಟ್ಟಗೌರಮ್ಮ ನೇರವಾಗಿ ನನ್ನ ಬಳಿ ಬಂದು ಎರಡೂ ಕೈ ಹಿಡಿದಳು.

“ನಾನು ಆಡಿದ್ ಮಾತ ಒಬ್ರೂ ಸರ್ಯಾಗ್ ಕೇಳಿಸ್ಕಳ್ನಿಲ್ಲ ಕಣವ್ವ. ನೀನ್ ಕೇಳಿಸ್ಕಂಡೆ.”

ಆಕೆ ಬಿಡುಗಡೆಯಷ್ಟಕ್ಕೇ ತೃಪ್ತಳಾಗಲಿಲ್ಲ. ಅದೇ ಹೆಂಗಸರನ್ನು ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದು, ಅಂಗನವಾಡಿಯ ಎದುರಿನ ಆ ಅಂಗಡಿಯನ್ನು ಎತ್ತಿಸಿದ ಮೇಲೆಯೇ ಮನೆಗೆ ಹೋಗಿ ಕೂತಳು.

ಪತ್ರಿಕೆಗಳಲ್ಲಿ ಸುದ್ದಿ ಬಂತು. ಮಾರನೆಯ ಬೆಳಿಗ್ಗೆ ನಿರ್ದೇಶಕ ರಾಜಶೇಖರ್ ನಮ್ಮ ಹಾಲಿಗೆ ಒಬ್ಬರೇ ಬಂದು, ಒಂದು ಸ್ಟೂಲ್ ಎಳೆದುಕೊಂಡು ಕಪಾಟಿನ ಮುಂದೆ ಕೂತರು. ಕಾರ್ಡುಗಳನ್ನು ಒಂದೊಂದಾಗಿ ಓದಿದರು. ಬೈಗುಳ ಕೇಳಲು ನಾವು ಸಿದ್ಧರಾಗಿದ್ದೆವು. ಎಷ್ಟೋ ಹೊತ್ತಿನ ಮೇಲೆ ಅವರು ಪಂಚಾಕ್ಷರಯ್ಯನವರ ಕಡೆ ತಿರುಗಿದರು.

“ಬೆಳಿಗ್ಗೆ ನಮ್ಮ ಕಂಪ್ಯೂಟರ್ ಪಟ್ಟಿ ತೆಗೆದು ನೋಡಿದೆ ಸಾರ್. ಅದರಲ್ಲಿ ಕಿಚ್ಚು ಅನ್ನೋ ಪದಾನೇ ಇಲ್ಲ. ಹೆಪ್ಪೂ ಇಲ್ಲ. ಇಂಗ್ಲಿಷಿನಲ್ಲಿ ಇಲ್ಲದೆ ಇರೋದು ನಮ್ಮಲ್ಲೂ ಇಲ್ಲ ಅಂತ ಅದು ಅಂದ್ಕೊಂಡುಬಿಟ್ಟಿದೆ.”

“ಅದರ ತಪ್ಪಲ್ಲ ಬಿಡಿ,” ಎಂದರು ಪಂಚಾಕ್ಷರಯ್ಯನವರು. “ಅದಕ್ಕೂ ಕಲಿಸೋಣ. ನಮ್ಮ ಕಾರ್ಡೆಲ್ಲ ಅದರ ಹೊಟ್ಟೆಗೆ ಹಾಕೋಕೆ ನಿಮ್ಮ ಹುಡುಗರನ್ನ ಕೊಡಿ. ನಾವು ಪದ ಮುರೀತೀವಿ, ಅವರು ಸೇರಿಸ್ಲಿ.”

ವಿಭಾಗ ಮುಚ್ಚುವ ಪ್ರಸ್ತಾವವನ್ನು ರಾಜಶೇಖರ್ ತಾವೇ ವಾಪಸ್ ತರಿಸಿಕೊಂಡರು. ಆಮೇಲಿನ ವರ್ಷಗಳು ನನ್ನ ವೃತ್ತಿಯ ಅತ್ಯಂತ ಸಂತೋಷದ ವರ್ಷಗಳು. ಕಂಪ್ಯೂಟರನ್ನು ನಾವು ಬೈಯಲಿಲ್ಲ. ಅಕಾರಾದಿ ಜೋಡಿಸುವುದು, ಎರಡು ಕಡೆ ಬಂದ ಪದ ಹಿಡಿಯುವುದು, ಇಂಥ ಬೆನ್ನು ಮುರಿಯುವ ಕೆಲಸವನ್ನೆಲ್ಲ ಅದು ಹೊತ್ತುಕೊಂಡಿತು. ಆ ಉಳಿದ ಸಮಯದಲ್ಲಿ ನಾವು ಬೀದಿಗೆ ಹೋದೆವು. ಚಾಮುಂಡಿ ಬೆಟ್ಟದ ಹೂವಿನ ಅಂಗಡಿ, ಮಾರುಕಟ್ಟೆ, ಗಾರೆ ಕೆಲಸದ ಜಾಗ, ಆಸ್ಪತ್ರೆಯ ವರಾಂಡ ಎಲ್ಲ ಕಡೆಯಿಂದ ಮಾತು ಹೊತ್ತು ತಂದೆವು. ರಾಜಶೇಖರ್ ವಾರಕ್ಕೊಮ್ಮೆಯಾದರೂ ಬಂದು, “ಇವತ್ತೇನು ಮುರಿದ್ರಿ?” ಎಂದು ಕೇಳುತ್ತಿದ್ದರು. ಹೊಸ ಪದ ಕಂಡರೆ ಮಕ್ಕಳ ಹಾಗೆ ಖುಷಿಪಡುತ್ತಿದ್ದರು.

ಕೋಶ ಮುಗಿಯಿತು. ಮುಗಿಯುತ್ತದೆಂದು ಯಾರೂ ನಂಬದಿದ್ದ ಕೋಶ ದಪ್ಪ ರಟ್ಟಿನಲ್ಲಿ, ಚಿನ್ನದ ಬಣ್ಣದ ಅಕ್ಷರದಲ್ಲಿ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರವಾಗಿ ಬಂತು. ಬಿಡುಗಡೆಗೆ ದೊಡ್ಡವರ ಹೆಸರುಗಳು ಸಾಲುಗಟ್ಟಿದವು. ಪಂಚಾಕ್ಷರಯ್ಯನವರು ಒಂದೇ ಷರತ್ತು ಹಾಕಿದರು. ರಿಬ್ಬನ್ ಬಿಚ್ಚುವವರು ಹಿನಕಲ್‌ನಿಂದ ಬರಬೇಕು.

ಆವತ್ತು ವೇದಿಕೆಯ ಮೇಲೆ ಪಂಚಾಕ್ಷರಯ್ಯನವರ ಪಕ್ಕದ ಕುರ್ಚಿಯಲ್ಲಿ ಪುಟ್ಟಗೌರಮ್ಮ ಕೂತಿದ್ದಳು. ಮುಂದಿನ ಸಾಲುಗಳಲ್ಲಿ ಪ್ರೊಫೆಸರುಗಳು, ಹಿಂದೆಲ್ಲ ಅವಳ ಸಂಘದವರು. ರಿಬ್ಬನ್ ಬಿಚ್ಚಿ ಕೋಶವನ್ನು ತೊಡೆಯ ಮೇಲಿಟ್ಟುಕೊಂಡಳು. ರಾಜಶೇಖರ್ ಒಂದು ಪುಟ ತೆರೆದು ಕೊಟ್ಟರು. ಅವಳು ಅಕ್ಷರ ಕಲಿತದ್ದು ಸಂಘದಲ್ಲಿ, ದೊಡ್ಡವಳಾದ ಮೇಲೆ. ಮೈಕಿನ ಮುಂದೆ ಬೆರಳಿಟ್ಟು ನಿಧಾನವಾಗಿ ಓದಿದಳು.

“ಕಿಚ್ಚು. ಮನಸ್ಸಿನಲ್ಲಿ ಹೊತ್ತಿಕೊಳ್ಳುವ ಛಲ, ಹುರುಪು. ಬಳಕೆ: ನಾನೇ ನಿಮಗೆಲ್ಲ ಕಿಚ್ಚು ಹಚ್ಚಿದ್ದು. ಹಿನಕಲ್ ಆಡುಮಾತು.”

ಓದು ನಿಂತಿತು. ಅವಳು ಆ ಸಾಲನ್ನು ಮತ್ತೊಮ್ಮೆ ಬಾಯೊಳಗೇ ಓದಿಕೊಂಡಳು. ಆಮೇಲೆ ಸಭೆಯತ್ತ ತಲೆಯೆತ್ತಿ, “ಇದು ನನ್ ಮಾತು ಕಣ್ರವ್ವಾ! ನನ್ ಮಾತ ಪುಸ್ತಕ್ದಲ್ಲಿ ಅಚ್ಚು ಆಕವ್ರೆ!” ಎಂದು ಕೂಗಿದಳು. ಹಿಂದಿನ ಸಾಲುಗಳು ಎದ್ದು ನಿಂತವು. ಚಪ್ಪಾಳೆ, ಕೂಗು, ಶಿಳ್ಳೆ. ಮುಂದಿನ ಸಾಲಿನ ಪ್ರೊಫೆಸರುಗಳೂ ಎದ್ದರು.

ಗದ್ದಲ ಇಳಿದ ಮೇಲೆ ಅವಳು ಮತ್ತೆ ಪುಟದ ಮೇಲೆ ಬೆರಳಿಟ್ಟು ಪಂಚಾಕ್ಷರಯ್ಯನವರ ಕಡೆ ತಿರುಗಿದಳು. ಮೈಕು ಅವಳ ಮುಂದೆಯೇ ಇತ್ತು.

“ಆದ್ರೆ ಸ್ವಾಮಿ, ನಾನು ‘ಅಚ್ಚಿದ್ದು’ ಅಂದಿದ್ದು. ನೀವು ‘ಹ’ ಸೇರುಸ್ಬುಟ್ಟಿದ್ದೀರಿ.”

ಸಭೆ ನಗುವಿನಲ್ಲಿ ಮುಳುಗಿತು. ಪಂಚಾಕ್ಷರಯ್ಯನವರು ಎದ್ದು ಅವಳಿಗೆ ಕೈ ಮುಗಿದರು. “ತಪ್ಪಾಯ್ತು ತಾಯಿ. ಎರಡನೇ ಮುದ್ರಣದಲ್ಲಿ ತಿದ್ದಿಸ್ತೀವಿ.”

ಮೊದಲ ಮುದ್ರಣದ ಪ್ರತಿಗಳೆಲ್ಲ ನಾವು ಎಣಿಸಿದ್ದಕ್ಕಿಂತ ಬೇಗ ಖರ್ಚಾದವು. ಎರಡನೆಯ ಮುದ್ರಣಕ್ಕೆ ಸಹಿ ಹಾಕಿದ್ದು ನಾನು, ಆ ಹೊತ್ತಿಗೆ ಸಂಪಾದಕಿಯ ಕುರ್ಚಿ ನನ್ನದಾಗಿತ್ತು. ಅಚ್ಚಿಗೆ ಕಳಿಸುವ ಮುನ್ನ ಆ ಪುಟವೊಂದನ್ನು ಕೈಯಾರೆ ತೆಗೆದು, ಕೆಂಪು ಶಾಯಿಯ ಪೆನ್ನಿನಿಂದ ‘ಹ’ ಹೊಡೆದು ‘ಅ’ ಬರೆದೆ. ನನ್ನ ವೃತ್ತಿಜೀವನದಲ್ಲಿ ಸಾವಿರಾರು ತಿದ್ದುಪಡಿ ಮಾಡಿದ್ದೇನೆ. ಅಷ್ಟು ಹೆಮ್ಮೆಯಿಂದ ಇನ್ನೊಂದನ್ನು ಮಾಡಿಲ್ಲ.